ಕಲಾಯಿ ಹಾಕಿದ ತಂಬಿಗೆ

ನಮ್ಮ ಊರಿನಲ್ಲಿ ಮಗುವಿಗಿಂತ ಮೊದಲು ಅದರ ಅಳು ಬರುತ್ತದೆ. ಬಸುರಿಗೆ ಒಂಬತ್ತನೆಯ ತಿಂಗಳು ಬಿದ್ದ ಮೇಲೆ ಯಾವುದೋ ಒಂದು ದಿನ, ಯಾರದೋ ಮನೆಯ ಪಾತ್ರೆಯಲ್ಲೋ ಪೆಟ್ಟಿಗೆಯಲ್ಲೋ ಅದು ಕೇಳಿಸುತ್ತದೆ. ನನ್ನದು ಅಂಚೆ ಡಬ್ಬಿಯಲ್ಲಿ ಕೇಳಿಸಿತಂತೆ. ನಾನು ಮಾತು ಕೇಳದಿದ್ದಾಗಲೆಲ್ಲ ನಮ್ಮವ್ವ, ಟಪಾಲಿನಲ್ಲಿ ಬಂದವನನ್ನು ವಾಪಸು ಕಳಿಸೋಕೆ ವಿಳಾಸ ಗೊತ್ತಿಲ್ಲ, ಇಲ್ಲದಿದ್ದರೆ ಯಾವಾಗಲೋ ಕಳಿಸಿರುತ್ತಿದ್ದೆ ಎಂದು ಛೇಡಿಸುತ್ತಿದ್ದಳು. ನನ್ನ ಹೆಂಡತಿ ವಾರಿಜಳದು ಶಾಲೆಯ ಗಂಟೆಯಲ್ಲಿ ಬಂತು. ಅಳು ಕೂತಿರುವ ಗಂಟೆಯನ್ನು ಹೊಡೆಯುವುದು ಹೇಗೆಂದು ತಿಳಿಯದೆ ಹೆಡ್ ಮಾಸ್ತರರು ಅಂದು ಮಕ್ಕಳನ್ನು ಸಂಜೆ ಐದೂವರೆಯವರೆಗೂ ಮಗ್ಗಿ ಹೇಳಿಸುತ್ತ ಕೂರಿಸಿಕೊಂಡಿದ್ದರಂತೆ. ಆ ಮಕ್ಕಳಲ್ಲಿ ಕೆಲವರು ಈಗ ನಾಲ್ಕು ಮಕ್ಕಳ ಅಪ್ಪಂದಿರಾಗಿದ್ದಾರೆ, ಆದರೂ ವಾರಿಜಳನ್ನು ಕಂಡರೆ ಆ ಮಗ್ಗಿಯ ಲೆಕ್ಕ ಚುಕ್ತಾ ಮಾಡು ಅನ್ನುವುದನ್ನು ಬಿಟ್ಟಿಲ್ಲ.

ಊರು ಇದಕ್ಕೆ ಒಗ್ಗಿಕೊಂಡಿದೆ. ಅಳು ಕೇಳಿಸಿದವರು ಕೈಲಿದ್ದ ಕೆಲಸ ಬಿಟ್ಟು ಬಸುರಿಯ ಮನೆಗೆ ಹೇಳಿ ಕಳಿಸುತ್ತಾರೆ. ಗಂಡ ಹೆಂಡತಿ ಇಬ್ಬರೂ ಮನೆಯ ಅಳುಪಾತ್ರೆ ಹಿಡಿದುಕೊಂಡು ಹೋಗಬೇಕು. ಪಾತ್ರೆಯ ಬಾಯನ್ನು ಹತ್ತಿರ ಹಿಡಿದರೆ ಅಳು ತಾನಾಗಿ ಒಳಗಿಳಿಯುತ್ತದೆ. ಹಳೆಯ ಸೀರೆಯ ತುಂಡಿನಿಂದ ಬಾಯಿ ಕಟ್ಟಿ, ದಾರಿಯಲ್ಲಿ ಯಾರೊಡನೆಯೂ ಮಾತಾಡದೆ ಮನೆಗೆ ತಂದು ಒಲೆಯ ಪಕ್ಕ ಬೆಚ್ಚಗೆ ಇಡಬೇಕು. ಹೆರಿಗೆಯಾದ ಕೂಡಲೇ ಸೂಲಗಿತ್ತಿ ಮಗುವಿನ ಮುಖದ ಹತ್ತಿರ ಆ ಬಟ್ಟೆಯನ್ನು ಬಿಚ್ಚುತ್ತಾಳೆ, ಮಗು ಅಳುತ್ತದೆ. ಮೊದಲ ಹಾಲು ಕುಡಿಯುವುದರೊಳಗೆ ಇದು ಆಗಬೇಕು. ಆಗದಿದ್ದರೆ ಮಗು ಬದುಕುತ್ತದೆ, ಉಂಡು ಬೆಳೆಯುತ್ತದೆ, ಆದರೆ ಅದರ ಗಂಟಲಿನಿಂದ ಜೀವಮಾನವಿಡೀ ಒಂದು ಸದ್ದೂ ಹೊರಡುವುದಿಲ್ಲ ಎನ್ನುತ್ತಾರೆ. ತಪ್ಪಿದ ಅಳು ಆಮೇಲೆ ಸಿಕ್ಕಿದ್ದನ್ನು ಯಾರೂ ಕಂಡಿಲ್ಲ.

ಹಾಗೆ ಉಳಿದುಹೋದವರು ಊರಿನಲ್ಲಿ ಒಬ್ಬರೇ, ಅದೂ ಸೂಲಗಿತ್ತಿ ದ್ಯಾವಮ್ಮಜ್ಜಿ. ಎಪ್ಪತ್ತು ದಾಟಿದ ಮುದುಕಿ. ನಕ್ಕರೂ ಸದ್ದಿಲ್ಲ, ಕೆಮ್ಮಿದರೂ ಸದ್ದಿಲ್ಲ. ಬೆರಳುಗಳಲ್ಲೇ ಮಾತಾಡುತ್ತಾಳೆ, ಆ ಮಾತು ಊರಿನ ಎಲ್ಲರಿಗೂ ಅರ್ಥವಾಗುತ್ತದೆ. ನನ್ನ ಅಳುವನ್ನೂ ಬಿಚ್ಚಿದ್ದು ಅವಳೇ, ವಾರಿಜಳದನ್ನೂ ಅವಳೇ. ಊರಿನಲ್ಲಿ ಕೂಗಾಡುವ, ಜಗಳವಾಡುವ, ಹರಟೆ ಹೊಡೆಯುವ ಪ್ರತಿ ಗಂಟಲೂ ಅವಳ ಕೈಯಿಂದ ಬಂದದ್ದು. ಇದನ್ನು ನಾನು ಚಿಕ್ಕಂದಿನಿಂದ ತಿಳಿದೇ ಇದ್ದೆ, ಆದರೆ ಒಮ್ಮೆಯೂ ಕೂತು ಯೋಚಿಸಿರಲಿಲ್ಲ. ದಿನಾ ಕಾಣುವುದನ್ನು ಯಾರು ಯೋಚಿಸುತ್ತಾರೆ?

ನನ್ನ ಹೆಸರು ಚಿದಂಬರ. ಕಲಾಯಿ ಹಾಕುವುದು ನನ್ನ ಕಸುಬು. ಮನೆಯ ಮುಂದಿನ ಚಪ್ಪರದಡಿ ಒಂದು ಬೂದಿಗುಂಡಿ, ಅದಕ್ಕೆ ಗಾಳಿ ಊದಲು ಒಂದು ತಿದಿ. ಇದ್ದಿಲು ಹೊತ್ತಿಸಿ, ಹಿತ್ತಾಳೆ ಪಾತ್ರೆಯನ್ನು ಕೆಂಪಗೆ ಕಾಯಿಸಿ, ನವಸಾಗರದ ಪುಡಿ ಎರಚಿ, ತವರದ ಕಡ್ಡಿ ಮುಟ್ಟಿಸಿ ಬಟ್ಟೆಯ ಉಂಡೆಯಿಂದ ಒಂದು ಸುತ್ತು ಉಜ್ಜಿದರೆ ಒಳಗೆಲ್ಲ ಬೆಳ್ಳಿ ಹರಡಿಕೊಳ್ಳುತ್ತದೆ. ಎಷ್ಟು ವರ್ಷ ಮಾಡಿದರೂ ಆ ಒಂದು ಗಳಿಗೆಯಲ್ಲಿ ನನಗೆ ಖುಷಿಯಾಗುತ್ತದೆ. ಕಪ್ಪಾದ ಪಾತ್ರೆ ಕಂಡರೆ ನನ್ನ ಕೈ ತುರಿಸುತ್ತದೆ. ಮದುವೆಮನೆಗೆ ಊಟಕ್ಕೆ ಹೋದರೆ ಜನ ಪಲ್ಯ ನೋಡುತ್ತಾರೆ, ನಾನು ಪಲ್ಯದ ಪಾತ್ರೆಯ ತಳ ನೋಡುತ್ತೇನೆ ಎಂದು ವಾರಿಜ ದೂರುತ್ತಾಳೆ. ದೂರಿನಲ್ಲಿ ಸುಳ್ಳೇನೂ ಇಲ್ಲ.

ವಾರಿಜ ಬಸುರಿಯಾದಳು. ನಮಗೆ ಮೊದಲ ಮಗು. ಎಂಟನೆಯ ತಿಂಗಳಲ್ಲಿ ಅವಳ ತಾಯಿ ಸಾವಂತ್ರಮ್ಮ ನಮ್ಮ ಮನೆಗೇ ಬಂದು ಠಿಕಾಣಿ ಹೂಡಿದರು. ಚೊಚ್ಚಲ ಹೆರಿಗೆ ತವರಿನಲ್ಲಿ ಆಗುವುದು ಬೇರೆ ಕಡೆಯ ಪದ್ಧತಿಯಿರಬಹುದು. ನಮ್ಮಲ್ಲಿ ಅಳು ಮನೆಯ ಬೆಂಕಿಯನ್ನು ಗುರುತಿಟ್ಟುಕೊಂಡು ಬರುತ್ತದೆ, ಆ ಸಮಯದಲ್ಲಿ ಬೆಂಕಿ ಬದಲಿಸಬಾರದು ಎನ್ನುತ್ತಾರೆ. ಅತ್ತೆ ಬರುವಾಗ ಉಪ್ಪಿನಕಾಯಿ ಜಾಡಿ, ಮೆಂತ್ಯದ ಹಿಟ್ಟು, ಹಳೆ ಸೀರೆಗಳ ಗಂಟು ಎಲ್ಲ ತಂದರು. ಹಗಲೆಲ್ಲ ತಾಯಿ ಮಗಳು ಕೂತು ಕೌದಿ ಹೊಲಿಯುತ್ತಿದ್ದರು. ನಾನು ತೊಟ್ಟಿಲಿನ ಕೊಂಡಿಗಳನ್ನು ಮೂರು ಸಲ ಬಿಗಿ ಮಾಡಿ, ಅದು ಗಟ್ಟಿಯಿದೆಯೋ ಇಲ್ಲವೋ ನೋಡಲು ಅಕ್ಕಿಮೂಟೆ ಮಲಗಿಸಿ ತೂಗಿದೆ. ಅತ್ತೆ ಬಾಗಿಲಲ್ಲಿ ನಿಂತು ನೋಡಿ, ಜೋಗುಳ ಹಾಡೋದೊಂದು ಬಾಕಿ ಎಂದರು.

ಹೀಗೆ ಏನಾದರೊಂದು ಮಾಡಬೇಕು ಎಂದು ಒದ್ದಾಡುತ್ತಿದ್ದಾಗಲೇ ನಾನು ಆ ಕೆಲಸ ಮಾಡಿದ್ದು. ನಮ್ಮ ಮನೆಯ ಅಳುಪಾತ್ರೆ ಒಂದು ಹಿತ್ತಾಳೆ ತಂಬಿಗೆ. ಅವ್ವನದು, ಅವಳಿಗಿಂತ ಮೊದಲು ಅವಳ ಅತ್ತೆಯದು. ನನ್ನ ಅಳು, ನನ್ನ ಅಪ್ಪನ ಅಳು, ಅಪ್ಪನ ಇಬ್ಬರು ಅಕ್ಕಂದಿರ ಅಳು ಎಲ್ಲ ಅದರಲ್ಲೇ ಬಂದವು. ಒಳಗೆ ಇಣುಕಿದರೆ ಕಪ್ಪೋ ಕಪ್ಪು. ಅವ್ವ ಬದುಕಿದ್ದಷ್ಟು ದಿನ ಅದನ್ನು ನನ್ನ ಕೈಗೆ ಕೊಡಲಿಲ್ಲ. ಅವಳು ಹೋಗಿ ಎರಡು ವರ್ಷವಾಗಿತ್ತು. ನನ್ನ ಮಗು ಇಂಥ ಮಸಿಯಲ್ಲಿ ಬರುವುದೇ ಎನ್ನಿಸಿತು. ಕಿರುಗತ್ತಿನ ತಂಬಿಗೆಯ ಒಳಗೆ ಕೈ ಹೋಗುವುದಿಲ್ಲ. ಇಕ್ಕಳದ ತುದಿಗೆ ಬಟ್ಟೆ ಸುತ್ತಿ, ಹುಣಿಸೆಹಣ್ಣು ಮರಳು ಹಾಕಿ ಅರ್ಧ ದಿನ ತಿಕ್ಕಿದೆ. ಆಮೇಲೆ ಹಾಕಿದ ಕಲಾಯಿಯಂಥದ್ದನ್ನು ನಾನು ಮೊದಲೂ ಹಾಕಿಲ್ಲ, ಇನ್ನು ಮುಂದೆಯೂ ಹಾಕುವುದಿಲ್ಲ. ಒಳಗೆ ನೋಡಿದರೆ ನನ್ನ ಮುಖವೇ ನನ್ನನ್ನು ನೋಡುತ್ತಿತ್ತು. ಮಧ್ಯಾಹ್ನದ ಹೊತ್ತು ಅದನ್ನು ಉಡುಗೊರೆಯಂತೆ ಅಂಗವಸ್ತ್ರದಲ್ಲಿ ಮುಚ್ಚಿ ತಂದು ವಾರಿಜಳ ಮುಂದೆ ತೆರೆದೆ. ಅವಳು ಚೆನ್ನಾಗಿದೆ ಎಂದು ನಕ್ಕಳು. ಅತ್ತೆ ಇಣುಕಿ ನೋಡಿದವರು ಹಣೆ ಹಣೆ ಚಚ್ಚಿಕೊಂಡರು.

"ಏನ್ ಕೆಲ್ಸ ಮಾಡ್ಬಿಟ್ರಿ ಅಳಿಯಂದ್ರೇ. ನಾಲ್ಕು ಹೆರಿಗೆ ಕಂಡ ಪಾತ್ರೆ ಅದು. ಅಳು ಹಿಡ್ಕೊಂಡು ಕೂರೋದೇ ಆ ಕಪ್ಪನ್ನ."

ನಾನು ನಂಬಲಿಲ್ಲ. ಹೆಂಗಸರು ಏನಾದರೂ ಹೇಳುತ್ತಾರೆ, ನನ್ನ ಕಸುಬು ನನಗೆ ಗೊತ್ತು ಎಂದುಕೊಂಡೆ. ಆ ದಿನದ ನನ್ನ ಜಂಬ ನೆನೆದರೆ ಇವತ್ತಿಗೂ ಕಿವಿ ಬಿಸಿಯಾಗುತ್ತದೆ.

ಒಂಬತ್ತನೆಯ ತಿಂಗಳ ಮೂರನೆಯ ವಾರ, ಬಸ್ ನಿಲ್ದಾಣದ ಎದುರಿನ ಕ್ಷೌರದಂಗಡಿಯಿಂದ ಕರೆ ಬಂತು. ಕನ್ನಡಿಯ ಕೆಳಗಿನ ಡ್ರಾಯರಿನಲ್ಲಿ ಅಳು. ನಾವು ಹೋದಾಗ ಒಬ್ಬ ಗಿರಾಕಿ ಅರ್ಧ ಮುಖಕ್ಕೆ ಸೋಪು ಬಳಿದುಕೊಂಡು ಅಲ್ಲಾಡದೆ ಕೂತಿದ್ದ. ಅಂಗಡಿಯವನು ಬೆಲ್ಲ ನೀರು ತಂದಿಟ್ಟು, ತುಟಿಯ ಮೇಲೆ ಬೆರಳಿಟ್ಟುಕೊಂಡು ಬದಿಗೆ ಸರಿದ. ಡ್ರಾಯರನ್ನು ಒಂದಿಷ್ಟು ಎಳೆದೆ. ಕತ್ತರಿ ಬಾಚಣಿಗೆಗಳ ನಡುವಿನಿಂದ ಅದು ಬಂತು.

ಅದನ್ನು ಹೇಗೆ ಹೇಳಲಿ? ಊರಿನಲ್ಲಿ ಎಷ್ಟೋ ಅಳು ಕೇಳಿದ್ದೇನೆ, ಯಾವುದಕ್ಕೂ ನನ್ನ ಮೈ ಹೀಗೆ ಝುಮ್ಮೆಂದಿರಲಿಲ್ಲ. ಸಣ್ಣ, ಹಟದ ಅಳು. ಪ್ರತಿ ಸಲ ಕೊನೆಯಲ್ಲಿ ಒಂದು ಬಿಕ್ಕು, ಏನೋ ಮರೆತಿದ್ದು ನೆನಪಾದ ಹಾಗೆ. ವಾರಿಜ ನನ್ನ ಮುಂಗೈಯನ್ನು ಉಗುರು ಇಳಿಯುವಷ್ಟು ಬಿಗಿಯಾಗಿ ಹಿಡಿದಿದ್ದಳು. ಒಂದು ಕ್ಷಣದ ಹಿಂದಿನವರೆಗೆ ಮಗು ಎಂದರೆ ಅವಳ ಹೊಟ್ಟೆ, ಕೌದಿ, ತೊಟ್ಟಿಲು. ಈಗ ಅದು ಒಬ್ಬರು. ನನಗೆ ಗೊತ್ತಿಲ್ಲದ, ಆದರೆ ನನ್ನವರೇ ಆದ ಒಬ್ಬರು ನನ್ನ ಮುಂದೆ ಇದ್ದರು. ನಾನು ಅಂಗಡಿಯ ನೆಲದ ಮೇಲಿನ ಕೂದಲಿನ ಮೇಲೆಯೇ ಕೂತುಬಿಟ್ಟೆ.

ಆಮೇಲೆ ತಂಬಿಗೆಯ ಬಾಯಿ ಒಡ್ಡಿದೆ. ಅಳು ಇಳಿಯಿತು. ಒಳಗೆ ಒಂದು ಸುತ್ತು ತಿರುಗಿತು, ಎರಡು ಸುತ್ತು ತಿರುಗಿತು. ನುಣುಪಿನಲ್ಲಿ ಅದಕ್ಕೆ ಕಾಲೂರಲು ಆಗುತ್ತಿಲ್ಲ ಎಂದು ನನ್ನ ಕೈಗೆ ತಿಳಿಯುತ್ತಿತ್ತು. ವಾರಿಜ ಬಟ್ಟೆ ಮುಚ್ಚುವುದರೊಳಗೆ ಅದು ಕಂಠದಿಂದ ಜಾರಿ, ನನ್ನ ಕಿವಿಯ ಪಕ್ಕದಲ್ಲೇ ಹಾದು, ಬಾಗಿಲಿನಿಂದ ಹೊರಗೆ ಹೋಯಿತು. ಬೀದಿಯಲ್ಲಿ ಬಸ್ಸೊಂದು ಹಾರನ್ ಹೊಡೆಯಿತು. ಅದು ನಿಂತ ಮೇಲೆ ಏನೂ ಕೇಳಿಸಲಿಲ್ಲ.

ಮನೆಗೆ ಬಂದವನೇ ತಂಬಿಗೆಯನ್ನು ಬೂದಿಗುಂಡಿಗೆ ಎಸೆದೆ. ಅದು ಮಸಿಯಲ್ಲಿ ಅರ್ಧ ಹೂತುಕೊಂಡು ಕೂತಿತು. ಅಂದಿನಿಂದ ನಾನು ತಿದಿ ಮುಟ್ಟಲಿಲ್ಲ. ಬೀದಿಯವರು ಕಲಾಯಿಗೆಂದು ತಂದಿಟ್ಟ ಪಾತ್ರೆಗಳು ಚಪ್ಪರದಡಿ ಹಾಗೇ ಇದ್ದವು. ನಮ್ಮ ಬೆಕ್ಕು ಮಾತ್ರ ಗುಂಡಿಯ ಅಂಚಿನಲ್ಲಿ ಹೋಗಿ ಮಲಗತೊಡಗಿತು. ಬೆಂಕಿ ಆರಿ ದಿನಗಳಾದರೂ ಅದಕ್ಕೆ ಅಲ್ಲೇನು ಬಿಸುಪು ಸಿಗುತ್ತದೋ ಎಂದು ವಾರಿಜ ಒಂದು ಸಲ ಹೇಳಿದಳು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಹುಡುಕಾಟ ಶುರುವಾಯಿತು. ಕಾಲಿಗೆ ಚಕ್ರ ಕಟ್ಟಿಕೊಂಡವನಂತೆ ಮನೆ ಮನೆ ಅಲೆದೆ. ಜನ ತಾವಾಗಿ ಕಡಾಯಿ, ಟ್ರಂಕು, ಹಿಟ್ಟಿನ ಡಬ್ಬಿ, ನೀರಿನ ತೊಟ್ಟಿ ಎಲ್ಲ ತೆರೆದು ತೋರಿಸಿದರು. ಜಾರಿದ ಅಳು ಬಹಳ ದೂರ ಹೋಗುವುದಿಲ್ಲ ಎಂದು ಕೆಲವರು, ಹೆದರಿದ ಅಳು ಸದ್ದು ಮಾಡುವುದಿಲ್ಲ ಎಂದು ಕೆಲವರು. ವಾರಿಜ ಪ್ರತಿ ಸಂಜೆ ನನ್ನ ಕಾಲಿಗೆ ಬಿಸಿನೀರು ಕಾಯಿಸಿಡುತ್ತಿದ್ದಳು. ಬೈದಿದ್ದರೆ ಸುಲಭವಾಗುತ್ತಿತ್ತು. ದಿನ ತುಂಬಲು ಒಂದು ವಾರ ಉಳಿದಾಗ ಊರಿನವರೇ ಸೇರಿ ಒಂದು ತೀರ್ಮಾನಕ್ಕೆ ಬಂದರು. ಸೋಮವಾರ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಊರಿನಲ್ಲಿ ಯಾರೂ ಸದ್ದು ಮಾಡುವುದಿಲ್ಲ.

ಆ ಎರಡು ಗಂಟೆಯನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಹಿಟ್ಟಿನ ಗಿರಣಿ ನಿಂತಿತು. ರೇಡಿಯೋಗಳು ನಿಂತವು. ಬಸ್ಸು ಊರ ಹೊರಗೇ ನಿಂತು, ಪ್ರಯಾಣಿಕರು ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ನಡೆದು ಬಂದರು. ಹೊಲಿಗೆ ಯಂತ್ರದವನು ಕಾಲು ಮಡಚಿ ಕೂತ. ಜಗಳಗಂಟಿ ಎಂದು ಹೆಸರಾದ ತರಕಾರಿ ಮಾರುವವಳು ಬಾಯಿಗೆ ಸೆರಗು ತುರುಕಿಕೊಂಡಿದ್ದಳು. ಬೀದಿಯ ಎರಡೂ ಕಡೆ ಸಾವಿರಾರು ಜನ ತಲೆ ಓರೆ ಮಾಡಿಕೊಂಡು, ಮೈಯೆಲ್ಲ ಕಿವಿಯಾಗಿ ನಿಂತಿದ್ದರು. ಇನ್ನೂ ಹುಟ್ಟದ ನನ್ನ ಮಗುವಿಗಾಗಿ. ಹಾಲಿನ ಪಾತ್ರೆ ಹಿಡಿದು ನಡು ಬೀದಿಯಲ್ಲಿ ಮೆಲ್ಲಗೆ ನಡೆಯುತ್ತಿದ್ದ ವಾರಿಜಳ ಕಣ್ಣಿನಿಂದ ನೀರು ತಾನಾಗಿ ಇಳಿಯುತ್ತಿತ್ತು. ಅತ್ತೆ ತಮ್ಮ ಮನೆಯಿಂದ ತಂದುಕೊಟ್ಟ, ಮೂವತ್ತು ವರ್ಷ ಹಾಲು ಕಾದು ತಳ ಸೀದ ಪಾತ್ರೆ ಅದು. ಅದರ ಕಪ್ಪನ್ನು ನಾನು ಆ ದಿನ ಕೈಮುಗಿಯುವಷ್ಟು ಭಕ್ತಿಯಿಂದ ನೋಡಿದೆ.

ಮೂರೂವರೆಯ ಹೊತ್ತಿಗೆ, ಹಳೆಯ ಗಾಣದ ಓಣಿಯ ಕಡೆಯಿಂದ ಒಬ್ಬರು ಕೈ ಎತ್ತಿದರು. ಅಲ್ಲಿ ಛಾವಣಿ ಬಿದ್ದ ಒಂದು ಮನೆ, ಅದರ ಅಂಗಳದಲ್ಲಿ ಎಣ್ಣೆಗಾಣದ ಕಲ್ಲು. ಆ ಕಲ್ಲಿನ ಗುಳಿಯ ತಳದಿಂದ ಅಳು ಬರುತ್ತಿತ್ತು. ಬಹಳ ಸಣ್ಣಗೆ, ಬಾವಿಯ ಆಳದಿಂದೆಂಬಂತೆ. ವಾರಿಜ ಪಾತ್ರೆ ಒಡ್ಡಿದಳು. ಅಳು ಏರಿ ಬಂದು ಇಳಿಯಿತು, ನಿಂತಿತು. ಬಟ್ಟೆ ಕಟ್ಟಿದೆವು. ಇಡೀ ಊರು ಬಿಗಿಹಿಡಿದ ಉಸಿರನ್ನು ಒಟ್ಟಿಗೆ ಬಿಟ್ಟಿತು. ಆಮೇಲೆ ಎಲ್ಲ ಸದ್ದೂ ಒಮ್ಮೆಗೇ ಶುರುವಾಯಿತು.

ಆದರೆ ನನ್ನ ಮೈ ಝುಮ್ಮೆನ್ನಲಿಲ್ಲ. ಈ ಅಳುವಿಗೆ ಬಿಕ್ಕು ಇರಲಿಲ್ಲ. ಒಂದೇ ಎಳೆಯಾಗಿ ಉದ್ದಕ್ಕೆ ಹೋಗುತ್ತಿತ್ತು, ಯಾರೋ ಬರುತ್ತಾರೆ ಎಂಬ ಆಸೆ ಬಿಟ್ಟು ಎಷ್ಟೋ ಕಾಲವಾದ ಹಾಗೆ. ನಾನು ವಾರಿಜಳ ಮುಖ ನೋಡಲಿಲ್ಲ, ಅವಳೂ ನನ್ನ ಮುಖ ನೋಡಲಿಲ್ಲ. ದಾರಿಯಲ್ಲಿ ಮಾತಾಡಬಾರದು ಎಂಬ ಪದ್ಧತಿಯಿದ್ದದ್ದು ಆ ದಿನ ಎಷ್ಟು ಅನುಕೂಲವಾಯಿತು. ಮನೆಗೆ ಬಂದ ಮೇಲೂ ನಾವು ಅದನ್ನೇ ಮುಂದುವರಿಸಿದೆವು.

ಎರಡು ದಿನ ಬಿಟ್ಟು ದ್ಯಾವಮ್ಮಜ್ಜಿ ಬಂದಳು. ಹೆರಿಗೆಗೆ ಮೊದಲು ಪಾತ್ರೆಗೆ ಕಿವಿಯಿಟ್ಟು ಅಳು ಹೇಗಿದೆ ಎಂದು ನೋಡುವುದು ಅವಳ ಕ್ರಮ. ವಾರಿಜಳ ಹೊಟ್ಟೆ ಮುಟ್ಟಿ, ಮಗು ಸರಿಯಾಗಿ ತಿರುಗಿದೆ ಎಂದು ಬೆರಳಲ್ಲಿ ಹೇಳಿದಳು. ನನ್ನ ಕಡೆ ತಿರುಗಿ, ನಿನ್ನ ಕಣ್ಣು ಕುಳಿಬಿದ್ದಿದೆ, ಹೆರುವವಳು ಅವಳೋ ನೀನೋ ಎಂದು ಕೇಳಿದಳು. ಆಮೇಲೆ ಒಲೆಯ ಪಕ್ಕ ಕೂತು ಪಾತ್ರೆಯನ್ನು ಮಡಿಲಿಗೆ ಎಳೆದುಕೊಂಡು ಬಟ್ಟೆಯ ಮೇಲೆ ಕಿವಿಯಿಟ್ಟಳು. ಎಂದೂ ಅರೆ ಗಳಿಗೆಗಿಂತ ಹೆಚ್ಚು ಹೊತ್ತು ಕೇಳದವಳು ಅಂದು ಏಳಲೇ ಇಲ್ಲ. ಅವಳ ಬೆರಳುಗಳು ಪಾತ್ರೆಯ ಅಂಚನ್ನು ಬಿಡದೆ ಹಿಡಿದಿದ್ದವು. ಕೊನೆಗೆ ತಲೆಯೆತ್ತಿ, ಚೆನ್ನಾಗಿದೆ ಎಂದು ಕೈ ಆಡಿಸಿ, ಅತ್ತೆ ಇಟ್ಟ ಕಾಫಿ ಕುಡಿಯದೆ ಎದ್ದು ಹೋದಳು. ಹೊಸ್ತಿಲಲ್ಲಿ ಒಮ್ಮೆ ನಿಂತು ಪಾತ್ರೆಯ ಕಡೆ ತಿರುಗಿ ನೋಡಿದಳು.

ಅತ್ತೆ ಆರಿದ ಕಾಫಿಯ ಲೋಟ ಎತ್ತಿಕೊಂಡು, ಆ ಗಾಣದ ಮನೆ ಯಾರದೆಂದು ಹೇಳಿದರು. ಅದು ದ್ಯಾವಮ್ಮಜ್ಜಿಯ ಅಪ್ಪನದು. ದಿನ ತುಂಬುವ ಮೊದಲೇ, ಅಳು ಬರುವ ಮುಂಚೆಯೇ, ಅವಳನ್ನು ಹೆತ್ತು ಅವಳ ತಾಯಿ ಹೋದಳು. ಅಪ್ಪ ಹೆಣ ಸಾಗಿಸಿ ಬಂದವನೇ ಎತ್ತು ಹೂಡಿ ಗಾಣ ತಿರುಗಿಸತೊಡಗಿದ. ದುಃಖ ಮರೆಯಲು ಹಗಲೂ ರಾತ್ರಿ ತಿರುಗಿಸಿದ. ಅಳು ಬಂದಿದ್ದು ಅವನ ಅಂಗಳಕ್ಕೇ, ಆ ಗಾಣದೊಳಕ್ಕೇ. ಕಿರ್ರೆನ್ನುವ ಸದ್ದಿನಲ್ಲಿ ಅವನಿಗೆ ಕೇಳಿಸಲಿಲ್ಲ. ಆಮೇಲೆ ಗಾಣ ನಿಂತಾಗ ಊರಿಗೆ ಗಿರಣಿ ಬಂದಿತ್ತು, ಬಸ್ಸು ಬಂದಿತ್ತು.

"ಆದ್ರೂ ಇಟ್ಕೊಳ್ಳಿ" ಎಂದರು ಅತ್ತೆ, ನಮ್ಮಿಬ್ಬರ ಮುಖ ನೋಡಿ. "ಅಳೂಗೆ ಒಂದು ಬಾಯಿ ಸಿಕ್ರೆ ಸಾಕು. ಯಾರ ಬಾಯಿ ಅಂತ ಅದು ಕೇಳಲ್ಲ. ಆ ಅಜ್ಜಿಗೆ ಈ ವಯಸ್ಸಲ್ಲಿ ಅದ್ಯಾಕೆ?"

ಅವರ ಮೇಲೆ ಸಿಟ್ಟು ಬರಲಿಲ್ಲ. ಮೊಮ್ಮಗುವಿಗಾಗಿ ಹೇಳಿದ ಮಾತು. ನಾನೂ ಎರಡು ದಿನದಿಂದ ಒಳಗೊಳಗೆ ಅದನ್ನೇ ಹೇಳಿಕೊಂಡಿದ್ದೆ. ಅತ್ತೆ ಹಿತ್ತಲಿಗೆ ಹೋದ ಮೇಲೆ ವಾರಿಜ ಸೂಜಿಯನ್ನು ಕೌದಿಗೆ ಚುಚ್ಚಿಟ್ಟು ಕೇಳಿದಳು.

"ನಮ್ಮದಲ್ಲ ಅಂತ ನಿಮಗೆ ಅವತ್ತೇ ಗೊತ್ತಾಯ್ತಾ?"

"ಆಯ್ತು."

"ನಂಗೂ."

ಆಮೇಲೆ ಅವಳು, ಮಗು ದೊಡ್ಡದಾಗಿ ಅಪ್ಪಾ ಅಂತ ಕರೆದಾಗ ನೀವು ಯಾರ ಗಂಟಲು ಕೇಳ್ತೀರಿ ಎಂದಳು. ಆ ಮಗು ಬೀದಿಯಲ್ಲಿ ಹಾಡಿಕೊಂಡು ಆಡುತ್ತಿದ್ದರೆ ದ್ಯಾವಮ್ಮಜ್ಜಿ ತನ್ನ ಜಗಲಿಯಲ್ಲಿ ಕೂತು ಕೇಳಿಸಿಕೊಳ್ಳುವುದು ನನ್ನ ಕಣ್ಣಿಗೆ ಕಟ್ಟಿತು. ನಮ್ಮ ಮಗುವಿಗೆ ಧ್ವನಿ ಬೇಕು ಎಂದು ನನಗೆ ಹೇಳತೀರದ ಆಸೆಯಿತ್ತು. ಆದರೂ ನಾವಿಬ್ಬರೂ ಮಾರನೆಯ ಬೆಳಿಗ್ಗೆ ಪಾತ್ರೆ ಹಿಡಿದು ಅವಳ ಮನೆಗೆ ಹೋದೆವು.

ಅವಳು ಪಾತ್ರೆಯನ್ನು ಮುಟ್ಟಲೇ ಇಲ್ಲ. ಎರಡೂ ಕೈಯಿಂದ ನಮ್ಮ ಕಡೆಗೆ ತಳ್ಳಿದಳು. ವಾರಿಜಳ ಹೊಟ್ಟೆ ತೋರಿಸಿದಳು. ಆಮೇಲೆ ತನ್ನ ನರೆತ ತಲೆ ಮುಟ್ಟಿಕೊಂಡು, ನಾನು ಈಗ ಮಾತು ಶುರು ಮಾಡಿ ಯಾರ ಜೊತೆ ಮುಗಿಸಲಿ ಎಂದು ಬೆರಳಲ್ಲಿ ಕೇಳಿ ಸದ್ದಿಲ್ಲದೆ ನಕ್ಕಳು. ಕಣ್ಣು ನಗುತ್ತಿರಲಿಲ್ಲ. ವಾರಿಜ ಏನೋ ಹೇಳಲು ಬಾಯಿ ತೆರೆದವಳು ಹಾಗೆಯೇ ಗೋಡೆ ಹಿಡಿದುಕೊಂಡಳು. ಅವಳಿಗೆ ನೋವು ಶುರುವಾಗಿತ್ತು.

ಅವಳನ್ನು ನಡೆಸಿಕೊಂಡು ಮನೆಗೆ ಬರುವಷ್ಟರಲ್ಲಿ ಬಿಸಿಲೇರಿತ್ತು. ಅತ್ತೆ ನೀರು ಕಾಯಿಸಿದರು, ದ್ಯಾವಮ್ಮಜ್ಜಿ ಸೆರಗು ಸಿಕ್ಕಿಸಿಕೊಂಡು ಒಳಗೆ ಹೋಗಿ ಬಾಗಿಲು ಮುಂದೆ ಮಾಡಿದಳು. ಅಪ್ಪನಾದವನು ಅಳುಪಾತ್ರೆ ಹಿಡಿದು ಹೊರಗೆ ನಿಲ್ಲಬೇಕು. ನಿಂತೆ. ವಾರಿಜ ನರಳುವುದು ಕೇಳಿಸಿದಾಗಲೆಲ್ಲ ಪಾತ್ರೆಯನ್ನು ಎದೆಗೆ ಒತ್ತಿಕೊಳ್ಳುತ್ತಿದ್ದೆ. ಒಳಗಿನ ಆ ಮುದಿ ಅಳು ನನ್ನ ಎದೆಗೆ ತಾಗಿಕೊಂಡು ಸುಮ್ಮನೆ ಇತ್ತು. ಬಿಸಿಲು ಚಪ್ಪರದ ಕಂಬದಿಂದ ಕಂಬಕ್ಕೆ ಸರಿಯಿತು. ಮಧ್ಯಾಹ್ನ ಇಳಿಯುವ ಹೊತ್ತಿಗೆ ವಾರಿಜ ಒಮ್ಮೆ ಜೋರಾಗಿ ಕೂಗಿದಳು. ಆಮೇಲೆ ಒಳಗೆ ನಿಶ್ಶಬ್ದ. "ಹೆಣ್ಣು" ಎಂದರು ಅತ್ತೆ.

ಬಾಗಿಲು ತೆರೆಯಿತು. ದ್ಯಾವಮ್ಮಜ್ಜಿ ಒಂದು ಕೈಯಲ್ಲಿ ಬಿಳಿ ಬಟ್ಟೆಯ ಗಂಟು ಹಿಡಿದು ನಿಂತಿದ್ದಳು. ಆ ಗಂಟಿನಲ್ಲಿ ನನ್ನ ಮಗಳು. ಕೆಂಪಗೆ, ಮುಷ್ಟಿ ಬಿಗಿದುಕೊಂಡು, ಉಸಿರಾಡುತ್ತಿದ್ದಳು. ಬಾಯಿ ತೆರೆದಳು, ಮುಚ್ಚಿದಳು, ಮತ್ತೆ ತೆರೆದಳು. ಏನೂ ಬರಲಿಲ್ಲ. ಅಷ್ಟು ಚಿಕ್ಕ ಬಾಯಿ ಅಷ್ಟು ಪ್ರಯತ್ನ ಪಡುವುದನ್ನು ನೋಡಲು ನನ್ನಿಂದ ಆಗಲಿಲ್ಲ. ಅಜ್ಜಿ ಇನ್ನೊಂದು ಕೈಯನ್ನು ಪಾತ್ರೆಗಾಗಿ ಚಾಚಿದಳು. ಬೇಗ, ಎಂದು ಬೆರಳು ಮಡಚಿದಳು. ಕೊಡಿ ಅಳಿಯಂದ್ರೇ, ಹಾಲಿನ ಹೊತ್ತಾಯಿತು ಎಂದು ಅತ್ತೆ ಒಳಗಿನಿಂದ ಬೇಡಿಕೊಳ್ಳುತ್ತಿದ್ದರು. ಕೊಟ್ಟುಬಿಡುತ್ತಿದ್ದೆ. ದೇವರಾಣೆಗೂ ನನ್ನ ಕೈ ಮುಂದೆ ಹೋಗಿತ್ತು.

ಆಗ ಚಾಪೆಯ ಮೇಲಿನಿಂದ ವಾರಿಜಳ ಸೋತ ದನಿ ಬಂತು. "ರೀ, ಅವರದ್ದು ಅವರಿಗೆ ಕೊಡಿ."

ನಾನು ಬಟ್ಟೆಯನ್ನು ಬಿಚ್ಚಿ, ಪಾತ್ರೆಯ ಬಾಯನ್ನು ದ್ಯಾವಮ್ಮಜ್ಜಿಯ ಮುಖದ ಹತ್ತಿರ ಎತ್ತಿ ಹಿಡಿದೆ. ಅವಳು ಬೇಡವೆಂದು ಹಿಂದೆ ಸರಿದಳು. ಆದರೆ ಅಳು ಎಪ್ಪತ್ತು ವರ್ಷ ಕಾದಿತ್ತು, ಅದು ಅವಳ ಒಪ್ಪಿಗೆ ಕೇಳಲಿಲ್ಲ. ಮೊದಲು ಅವಳ ಗಂಟಲು ನಡುಗಿತು. ಆಮೇಲೆ ಸುಕ್ಕುಗಟ್ಟಿದ ಆ ಬಾಯಿಂದ, ನೂರಾರು ಮಕ್ಕಳನ್ನು ಅಳಿಸಿದ ಆ ಮುದುಕಿಯ ಬಾಯಿಂದ, ಆಗಷ್ಟೇ ಹುಟ್ಟಿದ ಕೂಸಿನ ಅಳು ಹೊರಟಿತು. ಎಳಸು, ಸ್ವಚ್ಛ, ತಡೆಯೇ ಇಲ್ಲದ ಅಳು. ಹೊಸ್ತಿಲ ಮೇಲೆ ಕುಸಿದು ಕೂತು, ನನ್ನ ಮಗಳನ್ನು ಎದೆಗವಚಿಕೊಂಡು ಅವಳು ಅತ್ತಳು. ಬೀದಿಯಲ್ಲಿ ಹೋಗುತ್ತಿದ್ದವರು ನಿಂತರು. ಅದು ಯಾರೆಂದು ತಿಳಿದಾಗ ಗಂಡಸರು ತಲೆಯ ಮೇಲಿನ ವಸ್ತ್ರ ತೆಗೆದು ಕೈಯಲ್ಲಿ ಹಿಡಿದುಕೊಂಡರು. ನನಗೂ ಅಳು ಬಂತು. ಮಗಳಿಗಾಗಿಯೋ ಅಜ್ಜಿಗಾಗಿಯೋ ಹೇಳಲಾರೆ.

ಒಂದು ತೊಟ್ಟಿಲಿನ ಮಗು ಅತ್ತರೆ ಪಕ್ಕದ ತೊಟ್ಟಿಲಿನದೂ ಎದ್ದು ಅಳುತ್ತದೆ. ಯಾರು ಬೇಕಾದರೂ ನೋಡಿರುವ ಸಂಗತಿ. ಆದರೂ ಅದು ಕೇಳಿಸಿದಾಗ ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಚಪ್ಪರದಡಿಯಿಂದ ಬೆಕ್ಕು ಛಂಗನೆ ನೆಗೆದು ಓಡಿತು. ಬೂದಿಗುಂಡಿಯೊಳಗಿನಿಂದ, ನಿದ್ದೆಯಿಂದ ಎಬ್ಬಿಸಿದ ಸಿಟ್ಟಿನಲ್ಲಿ, ಇನ್ನೊಂದು ಅಳು ಎದ್ದಿತು. ಸಣ್ಣ, ಹಟದ ಅಳು. ಕೊನೆಯಲ್ಲಿ ಒಂದು ಬಿಕ್ಕು.

ನನ್ನ ಮೈಯೆಲ್ಲ ಝುಮ್ಮೆಂದಿತು. ಅದು ಎಲ್ಲಿಗೂ ಹೋಗಿರಲಿಲ್ಲ. ಕ್ಷೌರದಂಗಡಿಯಿಂದ ನಮ್ಮ ಹಿಂದೆಯೇ ಮನೆಗೆ ಬಂದು, ತನ್ನ ಮನೆಯ ಬೆಂಕಿಯನ್ನು ಗುರುತು ಹಿಡಿದು, ಮಸಿ ಮೆತ್ತಿ ಮತ್ತೆ ಕಪ್ಪಾದ ತಂಬಿಗೆಯಲ್ಲಿ ಕಾಲೂರಿ ಹಾಯಾಗಿ ಮಲಗಿತ್ತು. ಇಡೀ ಊರು ಉಸಿರು ಬಿಗಿಹಿಡಿದು ಕಿವಿಗೊಟ್ಟಾಗಲೂ ಎಚ್ಚರಗೊಂಡಿರಲಿಲ್ಲ. ನಾನು ಊರಿನ ಎಲ್ಲ ಡಬ್ಬಿಗಳನ್ನೂ ತೆರೆಸಿದ್ದೆ, ನನ್ನ ಗುಂಡಿಯೊಂದನ್ನು ಬಿಟ್ಟು. ಮೊಣಕೈವರೆಗೆ ಬೂದಿಯಲ್ಲಿ ಕೈಹಾಕಿ ತಂಬಿಗೆ ಎತ್ತಿಕೊಂಡು ಓಡಿದೆ. ಬಾಗಿಲಲ್ಲಿ ದ್ಯಾವಮ್ಮಜ್ಜಿ ಅಳುತ್ತಲೇ, ಎಷ್ಟೋ ವರ್ಷದ ರೂಢಿಯ ಕೈ ಚಾಚಿ ಅದನ್ನು ಇಸಿದುಕೊಂಡು ನನ್ನ ಮಗಳ ಮುಖದ ಮೇಲೆ ಬಗ್ಗಿಸಿದಳು. ಮಗಳು ಅತ್ತಳು. ಆ ಸಂಜೆ ನಮ್ಮ ಬೀದಿಯಲ್ಲಿ ಇಬ್ಬರು ಒಟ್ಟಿಗೆ ಅಳುವುದನ್ನು ಕೇಳುತ್ತ ಜನ ದೀಪ ಹಚ್ಚುವ ಹೊತ್ತಿನವರೆಗೂ ನಿಂತಿದ್ದರು. ವಾರಿಜ ಮಲಗಿದಲ್ಲೇ ನಕ್ಕು, ಮಗಳ ಮುಖಕ್ಕೆಲ್ಲ ಮಸಿ ಬಳಿದಿದ್ದೀರಿ ಎಂದಳು.

ಈಗ ನಾನು ಯಾರ ಪಾತ್ರೆ ಮುಟ್ಟುವ ಮೊದಲೂ ಅಳುಪಾತ್ರೆ ಯಾವುದೆಂದು ಕೇಳುತ್ತೇನೆ. ಅದನ್ನು ಬದಿಗಿಟ್ಟು ಉಳಿದವಕ್ಕೆ ಕಲಾಯಿ ಹಾಕುತ್ತೇನೆ. ದ್ಯಾವಮ್ಮಜ್ಜಿ ದಿನಾ ಮಧ್ಯಾಹ್ನ ನಮ್ಮ ಮನೆಗೆ ಬರುತ್ತಾಳೆ. ಮೊದಲ ತಿಂಗಳೆಲ್ಲ ಮಗಳ ಜೊತೆ ಅವಳೂ ಅಳುತ್ತಿದ್ದಳು. ಮೂರನೆಯ ತಿಂಗಳಿಗೆ ಇಬ್ಬರೂ ಊ ಆ ಎನ್ನತೊಡಗಿದರು. ಐದಕ್ಕೆ ಇಬ್ಬರೂ ಕೇಕೆ ಹಾಕಿ ನಕ್ಕರು. ಹಲ್ಲಿಲ್ಲದ ಎರಡು ಬಾಯಿಗಳು ಎದುರುಬದುರು ಕೂತು ಉಗುಳಿನ ಗುಳ್ಳೆ ಊದುವುದನ್ನು ನೋಡಿ ಅತ್ತೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಮಗಳಿಗೆ ಹತ್ತು ತಿಂಗಳಾದಾಗ ಒಂದು ದಿನ ನಾವೆಲ್ಲ ಚಪ್ಪರದಡಿ ಕೂತಿದ್ದೆವು. ವಾರಿಜ ಅಕ್ಕಿ ಆರಿಸುತ್ತಿದ್ದಳು, ಮಗಳು ಬೆಕ್ಕಿನ ಬಾಲ ಹಿಡಿಯಲು ತೆವಳುತ್ತಿದ್ದಳು. ದ್ಯಾವಮ್ಮಜ್ಜಿ ಹಳೆಯ ಗಾಣದ ಓಣಿಯ ಕಡೆ ಮುಖ ಮಾಡಿ ಸುಮ್ಮನೆ ಕೂತವಳು, ಇದ್ದಕ್ಕಿದ್ದಂತೆ ತುಟಿ ಕೂಡಿಸಿ, ಬಿಡಿಸಿ, ಪ್ರಯಾಸದಿಂದ, ಸ್ಪಷ್ಟವಾಗಿ "ಅವ್ವಾ" ಎಂದಳು.

ಅದು ಅವಳ ಮೊದಲ ಮಾತು. ಅವಳು ಯಾರನ್ನು ಕರೆದಳೋ ಅವರು ಹೋಗಿ ಎಪ್ಪತ್ತು ವರ್ಷವಾಗಿತ್ತು. ನನ್ನ ಕೈಯಲ್ಲಿನ ತಿದಿ ನಿಂತಿತು. ಆ ಕೂಗು ಅಂಗಳದಲ್ಲಿ ಯಾರೂ ಎತ್ತಿಕೊಳ್ಳದ ಮಗುವಿನಂತೆ ಇತ್ತು.

ವಾರಿಜ ಮೊರವನ್ನು ಕೆಳಗಿಟ್ಟು, ಅಜ್ಜಿಯ ಕಡೆ ತಿರುಗಿ, "ಓ" ಎಂದಳು.